ದೊಡ್ಡ ಹಿತ್ತಾಳೆ ವಾದ್ಯ ಹಿಡಿಯುವ ಕ್ರಮ: ಭಾರ ಮೈಗಿರಲಿ, ತುಟಿಗೆ ಬೇಡ

ಮಳೆ ಬಿಟ್ಟ ಮೇಲೆ ಮೇ ತಿಂಗಳ ತನಕ ಕಾಸರಗೋಡಿನ ಬ್ಯಾಂಡ್ ಸೆಟ್‌ಗಳಿಗೆ ಬಿಡುವಿಲ್ಲ. ಇಗರ್ಜಿಯ ಹಬ್ಬ, ಹೊರೆಕಾಣಿಕೆ ಮೆರವಣಿಗೆ, ಮದುವೆ ದಿಬ್ಬಣ, ಶಾಲೆಯ ವಾರ್ಷಿಕೋತ್ಸವ ಒಂದರ ಹಿಂದೆ ಒಂದು ಬರುತ್ತವೆ. ಮೊದಲ ಅರ್ಧ ಗಂಟೆ ಎಲ್ಲ ವಾದ್ಯಗಳೂ ಚೆನ್ನಾಗಿಯೇ ಕೇಳಿಸುತ್ತವೆ. ಆಮೇಲೆ ಹಿಂದಿನ ಸಾಲಿನಲ್ಲಿ ಮೈಗೆ ಸುತ್ತಿ ಹೊರುವ ಸೂಸಫೋನ್ ಮತ್ತು ಎದೆಗೆ ಅಪ್ಪಿ ಹಿಡಿಯುವ ಯುಫೋನಿಯಂನ ದನಿ ಕುಗ್ಗುತ್ತದೆ, ಶ್ರುತಿ ಇಳಿಯುತ್ತದೆ. ಊದುವವರ ಎಡಗೈ ಜೋಮು ಹಿಡಿಯುತ್ತದೆ, ತುಟಿಯಲ್ಲಿ ಮೌತ್‌ಪೀಸಿನ ಬಳೆ ಅಚ್ಚೊತ್ತಿದಂತೆ ಉಳಿಯುತ್ತದೆ. ಇದಕ್ಕೆ 'ಅವನಿಗೆ ತಾಕತ್ತು ಸಾಲದು' ಎನ್ನುವುದು ವಾಡಿಕೆ. ನಿಜವಾಗಿ ತಪ್ಪಿರುವುದು ತಾಕತ್ತಿನಲ್ಲಲ್ಲ, ಭಾರ ಎಲ್ಲಿ ಕೂತಿದೆ ಎಂಬುದರಲ್ಲಿ.

ಲೆಕ್ಕ ನೋಡಿ. ಹಿತ್ತಾಳೆಯ ಸೂಸಫೋನ್ ಸುಮಾರು 12ರಿಂದ 16 ಕಿಲೋ ತೂಗುತ್ತದೆ. ಕೂತು ಊದುವ ಟ್ಯೂಬಾ 8ರಿಂದ 13 ಕಿಲೋ. ನಾಲ್ಕು ವಾಲ್ವಿನ (ಸ್ವರ ಬದಲಿಸಲು ಬೆರಳಿನಿಂದ ಒತ್ತುವ ಗುಂಡಿ) ಯುಫೋನಿಯಂ ನಾಲ್ಕೂವರೆ–ಐದು ಕಿಲೋ, ಮೂರು ವಾಲ್ವಿನದ್ದು ಅದಕ್ಕಿಂತ ಹಗುರ. ಕೊಳವೆ ಜಾರಿಸಿ ಊದುವ ಬಾಸ್ ಟ್ರಾಂಬೋನ್ ಎರಡು ಕಿಲೋ ಚಿಲ್ಲರೆ ಮಾತ್ರ, ಆದರೆ ಅಷ್ಟೂ ಎಡಗೈಯೊಂದರ ಮೇಲೆ. ಬಿ-ಫ್ಲಾಟ್ ಟ್ಯೂಬಾದ ಕೊಳವೆಯನ್ನು ಬಿಚ್ಚಿ ನೇರ ಮಾಡಿದರೆ 18 ಅಡಿ, ಯುಫೋನಿಯಂನದ್ದು 9 ಅಡಿ. ಅಷ್ಟು ಉದ್ದದ ಲೋಹವನ್ನು ಮಡಚಿ ಎದೆಗೆ ಒರಗಿಸಿಕೊಂಡಾಗ ಅದರ ಭಾರ ತೊಡೆಗೋ ಸೊಂಟಕ್ಕೋ ನೆಲಕ್ಕೋ ಇಳಿಯಬೇಕು. ಇಳಿಯಲು ದಾರಿ ಸಿಗದಿದ್ದರೆ ಅದು ಮಣಿಕಟ್ಟಿಗೂ ಕುತ್ತಿಗೆಗೂ ಬರುತ್ತದೆ, ಕೊನೆಗೆ ತುಟಿಗೆ. ತುಟಿಗೆ ಬಂದ ಭಾರ ನೇರ ಸ್ವರವನ್ನೇ ಕೆಡಿಸುತ್ತದೆ: ಒತ್ತಿಹೋದ ತುಟಿ ಅದುರುವುದಿಲ್ಲ.

ಆದ್ದರಿಂದ ಎಲ್ಲ ವಾದ್ಯಕ್ಕೂ ಒಂದೇ ಕ್ರಮ. ಮೊದಲು ಮೈ ಸರಿಯಾಗಿ ನಿಲ್ಲಲಿ ಅಥವಾ ಕೂರಲಿ. ಆಮೇಲೆ ಮೌತ್‌ಪೀಸ್ ತುಟಿಯಿದ್ದಲ್ಲಿಗೆ ಬರಲಿ. ಮೌತ್‌ಪೀಸ್ ಇದ್ದಲ್ಲಿಗೆ ತುಟಿ ಹೋಗಬಾರದು.

ಕೂತು ಊದುವಾಗ

ಅಭ್ಯಾಸದ ಕೋಣೆಯ ಮೊದಲ ಶತ್ರು ಪ್ಲಾಸ್ಟಿಕ್ ಕುರ್ಚಿ. ಅದರ ಕೂರುವ ಜಾಗ ಹಿಂದಕ್ಕೆ ಇಳಿಜಾರಾಗಿ ತಗ್ಗಿರುತ್ತದೆ. ಒರಗಿ ಕೂತರೆ ಪೃಷ್ಠ ಕೆಳಗೆ, ಮೊಣಕಾಲು ಮೇಲೆ, ಹೊಟ್ಟೆ ನಡುವೆ ಸಿಕ್ಕಿಕೊಳ್ಳುತ್ತದೆ. ಟ್ಯೂಬಾಕ್ಕೆ ಬೇಕಾದಷ್ಟು ಉಸಿರು ಹಾಗೆ ಕೂತವರಿಗೆ ಸಿಗುವುದಿಲ್ಲ. ಶಾಲೆಯ ಮರದ ಕುರ್ಚಿ ಇದ್ದರೆ ಅದನ್ನೇ ತನ್ನಿ. ಇಲ್ಲವಾದರೆ ಪ್ಲಾಸ್ಟಿಕ್ ಕುರ್ಚಿಯ ತಗ್ಗಿಗೆ ಮಡಚಿದ ಗೋಣಿಚೀಲ ಹಾಕಿ ಮಟ್ಟ ಮಾಡಿ, ಮುಂದಿನ ಅರ್ಧದಲ್ಲಿ ಕೂರಿ. ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಿರಲಿ. ಮೊಣಕಾಲು ಸೊಂಟಕ್ಕಿಂತ ಬೆರಳಗಲ ಕೆಳಗಿದ್ದರೆ ಒಳ್ಳೆಯದು. ಪ್ಯಾಂಟಿನ ಬೆಲ್ಟನ್ನು ಒಂದು ತೂತು ಸಡಿಲಿಸಿ. ಮುಂಡು ಉಟ್ಟಿದ್ದರೆ ಗಂಟು ಹೊಟ್ಟೆಯ ನಡುವೆ ಬೇಡ, ಬದಿಗಿರಲಿ.

ಟ್ಯೂಬಾದ ಎತ್ತರವನ್ನು ಅಂದಾಜಿಗೆ ಬಿಡಬೇಡಿ, ಅಳೆಯಿರಿ. ವಾದ್ಯ ಇಲ್ಲದೆ ನೆಟ್ಟಗೆ ಕೂತು ಎದುರಿನ ಗೋಡೆ ನೋಡಿ. ಇನ್ನೊಬ್ಬರು ಟೇಪ್ ಹಿಡಿದು ಕುರ್ಚಿಯ ಮಟ್ಟದಿಂದ ತುಟಿಯ ತನಕ ಎಷ್ಟೆಂದು ಬರೆದುಕೊಳ್ಳಲಿ. ನಂತರ ಟ್ಯೂಬಾವನ್ನು ಊದುವಾಗಿನಷ್ಟೇ ಓರೆಯಾಗಿ ಹಿಡಿದು, ಅದರ ಬುಡದ ಬಾಗಿನಿಂದ ಮೌತ್‌ಪೀಸಿನ ನಡುಮಧ್ಯಕ್ಕೆ ಅಳೆಯಿರಿ. ಮೊದಲನೆಯದು 68 ಸೆಂ.ಮೀ., ಎರಡನೆಯದು 62 ಎಂದಾದರೆ ವಾದ್ಯ 6 ಸೆಂ.ಮೀ. ಮೇಲೆ ಬರಬೇಕು. ಎತ್ತರ ಹೊಂದಿಸಬಲ್ಲ ಟ್ಯೂಬಾ ಸ್ಟ್ಯಾಂಡ್ ಇದ್ದರೆ ಅದೇ ಉತ್ತಮ. ಇಲ್ಲದಿದ್ದರೆ ತೊಡೆಗಳ ನಡುವೆ ಕುರ್ಚಿಯ ಮೇಲೆ ಪ್ಲೈವುಡ್ ತುಂಡುಗಳನ್ನು ಬೇಕಾದಷ್ಟು ಎತ್ತರಕ್ಕೆ ಜೋಡಿಸಿ, ಮೊಳೆ ಹೊಡೆದು ಒಂದಾಗಿಸಿ, ಮೇಲೆ ರಬ್ಬರಿನ ಕಾಲೊರಸಿನ ತುಂಡು ಅಂಟಿಸಿ. ಬರಿಯ ಬೈರಾಸು ಮಡಚಿ ಇಟ್ಟರೆ ಹತ್ತು ನಿಮಿಷದಲ್ಲಿ ಅಮುಕಿ ಅರ್ಧಕ್ಕಿಳಿಯುತ್ತದೆ. ಅದು ಇಳಿದಷ್ಟೂ ಗೊತ್ತಿಲ್ಲದಂತೆಯೇ ಬೆನ್ನು ಬಾಗುತ್ತದೆ.

ಲೆಕ್ಕ ತಿರುಗಿ ಬರುವುದೂ ಉಂಟು. ಮಕ್ಕಳಿಗೆ, ಕುಳ್ಳಗಿರುವವರಿಗೆ ಮೌತ್‌ಪೀಸ್ ಮೂಗಿನ ಮಟ್ಟಕ್ಕೆ ಬರುತ್ತದೆ. ಅವರು ಗಲ್ಲ ಎತ್ತಿ ಊದುತ್ತಾರೆ, ಗಂಟಲು ಬಿಗಿಯುತ್ತದೆ, ಮೇಲಿನ ಸ್ವರಗಳು ಹಿಂಡಿ ಬರುತ್ತವೆ. ಆಗ ವಾದ್ಯವನ್ನು ಇಳಿಸಲು ಹೆಣಗಬೇಡಿ. ಊದುವವರನ್ನೇ ಎತ್ತರಿಸಿ: ಪೃಷ್ಠದ ಕೆಳಗೆ ಗಟ್ಟಿ ಹಲಗೆ, ಪಾದದ ಕೆಳಗೆ ಅಷ್ಟೇ ದಪ್ಪದ ಮಣೆ.

ಯುಫೋನಿಯಂನಲ್ಲಿ ತೊಂದರೆ ಹೆಚ್ಚಾಗಿ ಎತ್ತರದವರಿಗೆ. ವಾದ್ಯ ತೊಡೆಯ ಮೇಲೆ ಕೂತಾಗ ಮೌತ್‌ಪೀಸ್ ಗಲ್ಲಕ್ಕಿಂತ ಕೆಳಗೆ ಉಳಿಯುತ್ತದೆ. ಊದುವವರು ಗೂನುಬೀಳುತ್ತಾರೆ, ಇಲ್ಲವೇ ಎಡತೋಳಿನಲ್ಲಿ ಐದು ಕಿಲೋ ಎತ್ತಿ ಹಿಡಿಯುತ್ತಾರೆ. ಎರಡೂ ಬೇಡ. ಎಡತೊಡೆಯ ಮೇಲೆ ಗಟ್ಟಿ ಫೋಮಿನ ದಿಂಬು ಇಟ್ಟು ಬುಡದ ಬಾಗನ್ನು ಅದರ ಮೇಲೆ ಕೂರಿಸಿ. ಹೆಚ್ಚಿನವರಿಗೆ 8ರಿಂದ 12 ಸೆಂ.ಮೀ. ಸಾಕು. ಎಡಗೈ ವಾದ್ಯವನ್ನು ಮಗುವಿನಂತೆ ಬಳಸಿ ಹಿಡಿಯಲಿ; ಅದರ ಕೆಲಸ ಆಚೀಚೆ ವಾಲದಂತೆ ನೋಡಿಕೊಳ್ಳುವುದು, ಹೊರುವುದಲ್ಲ. ನಾಲ್ಕನೆಯ ವಾಲ್ವ್ ಪಕ್ಕದಲ್ಲಿದ್ದು ಎಡಗೈ ಬೆರಳಿನಿಂದ ಒತ್ತುವ ಮಾದರಿಯಾದರೆ ಇದು ಇನ್ನೂ ಮುಖ್ಯ. ಭಾರ ಹೊತ್ತ ಕೈ ಚುರುಕಾಗಿ ವಾಲ್ವ್ ಒತ್ತಲಾರದು.

ಬಲಗೈ ಮೊಣಕೈ ಪಕ್ಕೆಗೆ ಅಂಟಬಾರದು, ಒಂದು ಗೇಣಿನಷ್ಟು ಹೊರಗಿರಲಿ. ಮುಂಗೈ ಮತ್ತು ಹಸ್ತ ಒಂದೇ ಗೆರೆಯಲ್ಲಿರಲಿ. ಮೂಸಂಬಿ ಹಿಡಿದಾಗ ಬೆರಳು ಹೇಗೆ ಬಾಗುತ್ತವೋ ಹಾಗೆ ಬಾಗಿ, ಬೆರಳ ತುದಿಯ ಮಾಂಸಲ ಭಾಗ ಗುಂಡಿಯ ಮೇಲಿರಬೇಕು. ಕಿರುಬೆರಳನ್ನು ಕೊಕ್ಕೆಗೆ ಸಿಕ್ಕಿಸಿ ವಾದ್ಯವನ್ನು ಎಳೆದು ಹಿಡಿಯುವ ರೂಢಿ ಬಹಳ ಕಡೆ ಇದೆ. ಅದು ಉಂಗುರಬೆರಳನ್ನು ಬಿಗಿಗೊಳಿಸುತ್ತದೆ, ಮೂರನೆಯ ವಾಲ್ವ್ ತಡವಾಗುತ್ತದೆ, ಮೇಲಾಗಿ ವಾದ್ಯ ತುಟಿಯ ಕಡೆಗೆ ಒತ್ತಿ ಬರುತ್ತದೆ.

ಎಲ್ಲ ಹೊಂದಿಸಿದ ಮೇಲೆ ಹೀಗೆ ಪರೀಕ್ಷಿಸಿ: ಒಂದು ಸ್ವರವನ್ನು ಉದ್ದಕ್ಕೆ ಊದುತ್ತಾ, ಹತ್ತಿರ ಒಬ್ಬರನ್ನು ನಿಲ್ಲಿಸಿಕೊಂಡು, ಎಡಗೈಯನ್ನು ಎರಡು ಸೆಕೆಂಡು ತೆಗೆಯಿರಿ. ಸ್ವರ ಅಲ್ಲೇ ನಿಂತರೆ ಭಾರ ತೊಡೆಯಲ್ಲಿದೆ. ಮೌತ್‌ಪೀಸ್ ಜಾರಿದರೆ ಅಥವಾ ಸ್ವರ ಹೊರಳಿದರೆ ಇಷ್ಟು ಹೊತ್ತು ಅದನ್ನು ಹೊತ್ತದ್ದು ನಿಮ್ಮ ಕೈ ಮತ್ತು ತುಟಿ.

ಸೂಸಫೋನ್ ಹೆಗಲಿಗೇರಿಸುವುದು

ನಡೆಯುತ್ತ ಊದಲೆಂದೇ ರೂಪಿಸಿದ ವಾದ್ಯ ಇದು. ಅಮೆರಿಕದ ಬ್ಯಾಂಡ್ ಮಾಸ್ಟರ್ ಜಾನ್ ಫಿಲಿಪ್ ಸೂಸಾ ಅವರಿಗಾಗಿ 1893ರಲ್ಲಿ ಮೊದಲನೆಯದನ್ನು ಮಾಡಿದ್ದು ಜೆ. ಡಬ್ಲ್ಯು. ಪೆಪ್ಪರ್. ಆಗ ಬೆಲ್, ಅಂದರೆ ನಾದ ಹೊರಬರುವ ಅಗಲ ಬಾಯಿ, ಆಕಾಶಕ್ಕೆ ಮುಖ ಮಾಡಿತ್ತು. ಮುಂದಕ್ಕೆ ತಿರುಗಿದ ಬೆಲ್ ಆಮೇಲೆ ಬಂತು. ಬೆಲ್ ಮುಂದಕ್ಕೆ ಬಂದದ್ದರಿಂದ ವಾದ್ಯಕ್ಕೆ ಮುಂದಕ್ಕೆ ವಾಲುವ ಗುಣವೂ ಬಂತು. ಹೊತ್ತವರ ಬೆನ್ನುನೋವಿನ ಬಹುಪಾಲು ಈ ವಾಲುವಿಕೆಯಿಂದಲೇ.

ವಾದ್ಯ ಕೂರಬೇಕಾದ ಜಾಗ ಅಂಗೈಯಷ್ಟು. ಬಲಗೈ ಬೆರಳಿನಿಂದ ಎಡಹೆಗಲ ತುದಿ ಮುಟ್ಟಿ ನೋಡಿ, ಒಂದು ಗಟ್ಟಿ ಮೂಳೆಯ ಗಂಟು ಸಿಗುತ್ತದೆ. ಅಲ್ಲಿಂದ ಕುತ್ತಿಗೆಯ ಬುಡಕ್ಕೆ ಬನ್ನಿ. ಇವೆರಡರ ನಡುವೆ ಇರುವ ದಪ್ಪ ಮಾಂಸದ ಏಣಿನ ಮೇಲೆ, ಸರಿ ನಡುವಲ್ಲಿ ಕೊಳವೆ ಕೂರಬೇಕು. ಕುತ್ತಿಗೆಗೆ ತೀರ ಹತ್ತಿರವಾದರೆ ತೋಳಿಗೆ ಹೋಗುವ ನರಗಳ ಮೇಲೆ ಒತ್ತಡ ಬಿದ್ದು ಬೆರಳು ಜೋಮು ಹಿಡಿಯುತ್ತದೆ. ಹೆಗಲ ತುದಿಗೆ ಸರಿದರೆ ಮೂಳೆ ನೋಯುತ್ತದೆ, ವಾದ್ಯವೂ ಹೊರಕ್ಕೆ ಜಾರುತ್ತದೆ. ಬಳೆಯಾಕಾರದ ಕೊಳವೆ ಬೆನ್ನನ್ನು ಸುತ್ತಿ ಬಂದು ಕೆಳಗೆ ಬಲಸೊಂಟಕ್ಕೆ ತಾಗಬೇಕು. ಹೀಗೆ ಎಡಹೆಗಲು, ಬಲಸೊಂಟ ಎರಡೂ ತಾಗಿದರೆ ವಾದ್ಯ ಕೂತಂತೆ. ಸೊಂಟಕ್ಕೆ ತಾಗದೆ ನೇತಾಡುತ್ತಿದ್ದರೆ ಹೆಗಲೊಂದೇ ಹೊರುತ್ತಿದೆ ಎಂದರ್ಥ.

ಹೆಗಲಿಗೆ ಮೆತ್ತೆ ಬೇಕೇ ಬೇಕು. ಮೂವತ್ತು ಸೆಂ.ಮೀ. ಉದ್ದ, ಹತ್ತು ಹನ್ನೆರಡು ಅಗಲ, ಎರಡೂವರೆ ದಪ್ಪದ ಫೋಮ್ ಸಾಕು. ಯೋಗದ ಚಾಪೆ ಕತ್ತರಿಸಿ ಎರಡು ಮೂರು ಪದರ ಜೋಡಿಸಿದರೂ ಆಗುತ್ತದೆ. ಅದಕ್ಕೆ ಹತ್ತಿಬಟ್ಟೆಯ ಗವಸು ಹೊಲಿಸಿ, ಒಗೆಯಲು ಬರುವಂತಿರಲಿ. ಮೆತ್ತೆಯನ್ನು ಕಟ್ಟಬೇಕಾದದ್ದು ಕೊಳವೆಗೆ, ಅಂಗಿಯ ಮೇಲಿಟ್ಟರೆ ನೂರು ಹೆಜ್ಜೆಗೆ ಜಾರುತ್ತದೆ. ಹತ್ತಿಯ ಪಟ್ಟಿ ಅಥವಾ ವೆಲ್ಕ್ರೋ ಉಪಯೋಗಿಸಿ. ಅಂಟುಟೇಪ್ ಸುತ್ತಬೇಡಿ: ನಮ್ಮ ಸೆಖೆಗೆ ಅದರಡಿಯಲ್ಲಿ ಬೆವರು ನಿಂತು ಲ್ಯಾಕರ್ (ಮೆರುಗಿನ ಲೇಪ) ಎದ್ದು ಹಿತ್ತಾಳೆ ಕಿಲುಬು ಹಿಡಿಯುತ್ತದೆ.

ಈಗ ನೆಕ್ ಮತ್ತು ಬಿಟ್. ವಾದ್ಯದಿಂದ ಬಾಯಿಯ ಕಡೆಗೆ ಬರುವ ಬಾಗಿದ ಕೊಳವೆಯೇ ನೆಕ್. ಮೌತ್‌ಪೀಸಿಗೂ ನೆಕ್ಕಿಗೂ ನಡುವೆ ಬರುವ ಗಿಡ್ಡ ಓರೆ ಕೊಳವೆಗಳೇ ಬಿಟ್‌ಗಳು; ಸಾಮಾನ್ಯವಾಗಿ ಎರಡಿರುತ್ತವೆ. ಇವನ್ನು ತಿರುಗಿಸಿದಂತೆ ಮೌತ್‌ಪೀಸ್ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಹೋಗುತ್ತದೆ. ಬಹಳ ಜನ ಹಿಂದಿನವರು ಬಿಟ್ಟ ಸ್ಥಿತಿಯಲ್ಲೇ ಊದುತ್ತಾರೆ. ಬೇರೆಯವರ ಚಪ್ಪಲಿ ಹಾಕಿ ನಡೆದಂತೆ ಅದು. ನೀವು ವಾದ್ಯ ಹೊತ್ತು ನೇರ ನಿಂತು ಕಣ್ಣು ಮುಚ್ಚಿ. ಜತೆಯವರು ನೆಕ್ಕಿನ ತಿರುಪು ಸಡಿಲಿಸಿ, ಬಿಟ್‌ಗಳನ್ನು ಒಂದೊಂದಾಗಿ ತಿರುಗಿಸಿ ಮೌತ್‌ಪೀಸನ್ನು ನಿಮ್ಮ ತುಟಿಗೆ ತರಲಿ. ತಲೆ ಅಲುಗಬಾರದು. ಸರಿಹೊಂದಿದಾಗ ಬಿಟ್‌ಗಳನ್ನು ಒತ್ತಿ ಕೂರಿಸಿ ತಿರುಪು ಬಿಗಿಮಾಡಿ, ಪೆನ್ಸಿಲ್‌ನಿಂದ ಸೇರಿಕೆಗಳ ಮೇಲೆ ಅಡ್ಡ ಗೆರೆ ಎಳೆದಿಡಿ. ಮುಂದಿನ ಸಲ ಗೆರೆಗೆ ಗೆರೆ ಕೂಡಿಸಿದರಾಯಿತು. ಬಿಟ್ ಸೇರಿಸಿದಷ್ಟೂ ಕೊಳವೆ ಉದ್ದವಾಗಿ ಶ್ರುತಿ ತಗ್ಗುತ್ತದೆ. ಅದಕ್ಕೆ ಮುಖ್ಯ ಶ್ರುತಿ ಸ್ಲೈಡನ್ನು (ಶ್ರುತಿ ಹೊಂದಿಸಲು ಜಾರುವ ಕೊಳವೆ) ಒಳಗೆ ತಳ್ಳಿ ಸರಿಪಡಿಸಿ. ಸಡಿಲವಾಗಿ ಬಿಟ್ಟ ಸೇರಿಕೆಯಲ್ಲಿ ಗಾಳಿ ಸೋರುತ್ತದೆ. ಆಗ ಉಸಿರು ಸಾಲದೆ ದಣಿವಾಗುವುದನ್ನು ಭಾರದ ದಣಿವೆಂದು ತಪ್ಪು ತಿಳಿಯುತ್ತಾರೆ.

ಏರಿಸುವ ಕ್ರಮದಲ್ಲಿ ನಡು ಹಿಡಿದುಕೊಳ್ಳುವ ಅಪಾಯ ಹೆಚ್ಚು. ಹೊಸಬರು ಬೆಲ್ ಇಲ್ಲದೆ ಬರಿಯ ಬಳೆಯನ್ನು ಮೊದಲು ಹೊತ್ತುಕೊಳ್ಳಲಿ, ಬೆಲ್ಲನ್ನು ಇನ್ನೊಬ್ಬರು ಎದುರಿನಿಂದ ಕೂರಿಸಲಿ. ಬಳೆ ನಿಮ್ಮ ಎಡಬದಿಗೆ ನೆಲದಲ್ಲಿರಲಿ. ಕಾಲು ಅಗಲಿಸಿ, ಮೊಣಕಾಲು ಮಡಚಿ ತಗ್ಗಿ, ದಪ್ಪ ಕೊಳವೆಯನ್ನು ಎರಡು ಕಡೆ ಹಿಡಿದು, ಮೈಗೆ ಒತ್ತಿಕೊಂಡೇ ಎದ್ದು ನಿಲ್ಲಿ. ನಿಂತ ಮೇಲೆ ತಲೆ ಮತ್ತು ಬಲತೋಳು ತೂರಿಸಿ ಹೆಗಲಿಗೆ ಇಳಿಸಿ. ಎತ್ತುವಾಗಲೇ ಸೊಂಟ ತಿರುಗಿಸುವುದೇ ನಡು ಹಿಡಿಯಲು ಕಾರಣ. ವಾಲ್ವಿನ ಗುಂಪನ್ನೋ ನೆಕ್ಕನ್ನೋ ಹಿಡಿದು ಎಂದೂ ಎತ್ತಬೇಡಿ, ಬೆಸುಗೆ ಬಿಡುತ್ತದೆ. ಬೆಲ್ಲಿಗೆ ಸಾಮಾನ್ಯವಾಗಿ ಮೂರು ತಿರುಪು. ಒಂದನ್ನು ಪೂರ್ತಿ ಬಿಗಿದು ಮುಂದಿನದಕ್ಕೆ ಹೋಗಬೇಡಿ. ಮೂರನ್ನೂ ಸ್ವಲ್ಪ ಸ್ವಲ್ಪವಾಗಿ ಸರದಿಯಲ್ಲಿ ಬೆರಳಿನಿಂದಲೇ ಬಿಗಿಯಿರಿ, ಇಕ್ಕಳ ಬೇಡ.

ಕೊನೆಗೆ ಎರಡೂ ಕೈ ಕೆಳಗಿಳಿಸಿ ನಿಲ್ಲಿ. ವಾದ್ಯ ತಾನಾಗಿ ಹೆಗಲಲ್ಲಿ ನಿಲ್ಲಬೇಕು. ಮುಂದಕ್ಕೆ ವಾಲಿದರೆ ಬಳೆಯನ್ನು ಹೆಗಲಿನಲ್ಲಿ ಬೆನ್ನಿನ ಕಡೆಗೆ ಎರಡು ಬೆರಳಗಲ ಜಾರಿಸಿ, ಬಿಟ್‌ಗಳನ್ನು ಮತ್ತೆ ಹೊಂದಿಸಿ.

ನಮ್ಮ ದಾರಿ, ನಮ್ಮ ಹವೆ

ಸಮತಟ್ಟಾದ ಮೈದಾನದಲ್ಲಿ ಕಲಿತ ನಡಿಗೆ ಮುರಕಲ್ಲಿನ ಗುಡ್ಡೆಯ ದಾರಿಗೆ ಹೊಂದುವುದಿಲ್ಲ. ಏರಿನಲ್ಲಿ ಮೈ ಮುಂದಕ್ಕೆ ಬಾಗುತ್ತದೆ, ಬೆಲ್ಲೂ ಬಾಗಿ ಹೆಗಲನ್ನು ಎಳೆಯುತ್ತದೆ. ಹೆಜ್ಜೆ ಗಿಡ್ಡ ಮಾಡಿ, ಎಡಗೈಯಿಂದ ಮುಂದಿನ ಕೊಳವೆಯನ್ನು ಸ್ವಲ್ಪ ಮೇಲಕ್ಕೆ ತಳ್ಳಿ. ಇಳಿಜಾರಿನಲ್ಲಿ ಹಿಮ್ಮಡಿ ಕುಟ್ಟಿದಂತೆಲ್ಲ ಮೌತ್‌ಪೀಸ್ ಹಲ್ಲಿಗೆ ಬಡಿಯುತ್ತದೆ. ಮೊಣಕಾಲು ಸ್ವಲ್ಪ ಮಡಚಿಯೇ ಇಳಿಯಿರಿ. ತೋಟದ ಸಂಕ ದಾಟುವಾಗ, ದೇವಸ್ಥಾನದ ಮೆಟ್ಟಿಲಲ್ಲಿ, ರಸ್ತೆಯ ಹೊಂಡದಲ್ಲಿ ಊದುವುದನ್ನು ನಿಲ್ಲಿಸಿ ಮೌತ್‌ಪೀಸನ್ನು ತುಟಿಯಿಂದ ಸರಿಸಿಬಿಡಿ. ನಾಲ್ಕು ಸ್ವರ ಬಿಟ್ಟುಹೋದರೆ ಯಾರೂ ಗಮನಿಸುವುದಿಲ್ಲ. ಹಲ್ಲು ಮುರಿದರೆ ಊದುವ ಕೆಲಸವೇ ಹೋಗುತ್ತದೆ.

ಸೂಸಫೋನ್ ಹೊತ್ತವರಿಗೆ ಎಡಬದಿ ಕಾಣುವುದಿಲ್ಲ, ತಲೆಯ ಮೇಲೆ ಏನಿದೆಯೆಂದೂ ಗೊತ್ತಾಗುವುದಿಲ್ಲ. ಎಡಕ್ಕೆ ಕಣ್ಣಾಗಿ ಒಬ್ಬ ಜತೆಗಾರ ನಡೆಯಲಿ. ತೋರಣ, ಕಮಾನುಗಳಿಗಿಂತ ಹೆಚ್ಚಾಗಿ ಅವನು ನೋಡಬೇಕಾದದ್ದು ರಸ್ತೆಗೆ ಅಡ್ಡ ಎಳೆದ ದೀಪಾಲಂಕಾರದ ವಯರುಗಳನ್ನು. ಅವು ಜೋತು ಬಿದ್ದಿರುತ್ತವೆ, ಸೇರಿಕೆಗಳು ಬರಿದಾಗಿರುವುದುಂಟು, ನಿಮ್ಮ ತಲೆಯ ಮೇಲಿರುವುದು ಹಿತ್ತಾಳೆ. ಮೆರವಣಿಗೆ ಹೊರಡುವ ಮೊದಲೇ ದಾರಿ ನೋಡಿ, ತಗ್ಗಿದ ವಯರುಗಳನ್ನು ಸಂಘಟಕರಿಂದ ಎತ್ತರಕ್ಕೆ ಕಟ್ಟಿಸಿ. ಮಂಜೇಶ್ವರ, ಕುಂಬಳೆಯ ಕಡಲ ಬದಿಯಲ್ಲಿ ಸಂಜೆಗಾಳಿಯೂ ಲೆಕ್ಕಕ್ಕೆ ಬರುತ್ತದೆ. 26 ಇಂಚಿನ ಬೆಲ್ ಎಂದರೆ ಚದರ ಮೀಟರಿನ ಮೂರನೇ ಒಂದರಷ್ಟು ಹಾಯಿ. ಗಾಳಿಗೆ ಎದುರಾಗಿ ಹಿಡಿದರೆ ಅದು ಕುತ್ತಿಗೆಯನ್ನು ತಿರುಚುತ್ತದೆ. ಅಂಥಲ್ಲಿ ಮೈಯನ್ನೇ ತುಸು ಓರೆ ಮಾಡಿ ನಡೆಯಿರಿ.

ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೊಮ್ಮೆ ಐದು ನಿಮಿಷ ವಾದ್ಯ ಇಳಿಯಲೇಬೇಕು. ಕಟ್ಟೆಪೂಜೆಗೆ ಮೆರವಣಿಗೆ ನಿಂತಾಗ ಹೊತ್ತುಕೊಂಡೇ ನಿಲ್ಲುವವರಿದ್ದಾರೆ. ಇಳಿಸಿ. ಬರಿನೆಲಕ್ಕಲ್ಲ, ಗೋಣಿ ಹಾಸಿ ಅದರ ಮೇಲೆ. ಹೆಗಲನ್ನು ಕಿವಿಯ ತನಕ ಎತ್ತಿ ಬಿಡುವುದು ಹತ್ತು ಸಲ, ಬೊಂಡದ ನೀರೋ ಗಂಜಿತಿಳಿಯೋ ಒಂದು ಲೋಟ. ಸಿಹಿ ಕುಡಿದರೆ ಬಾಯಿ ಮುಕ್ಕಳಿಸಿಯೇ ಊದಿ; ಸಕ್ಕರೆ ವಾಲ್ವಿನೊಳಗೆ ಅಂಟಾಗುತ್ತದೆ. ಎರಡು ಗಂಟೆಗಿಂತ ಉದ್ದದ ಮೆರವಣಿಗೆಗೆ ಒಂದು ಸೂಸಫೋನಿಗೆ ಇಬ್ಬರು ಬೇಕು. ಗರ್ನಾಲು ಬಿಡುವ ಕಡೆ ಕಿವಿಗೆ ರಬ್ಬರ್ ಬೆಣೆ ಹಾಕಿಕೊಳ್ಳಿ.

ಯುಫೋನಿಯಂ ಹಿಡಿದು ನಡೆಯುವುದಾದರೆ ಎರಡೂ ಹೆಗಲಿಗೆ ಬರುವ ಕ್ಯಾನ್ವಾಸ್ ಪಟ್ಟಿ ಹೊಲಿಸಿ, ಅಗಲ ಐದು ಸೆಂ.ಮೀ.ಗೆ ಕಡಿಮೆ ಬೇಡ. ಪಟ್ಟಿ ಬುಡದ ಬಾಗನ್ನು ತೊಟ್ಟಿಲಿನಂತೆ ಹಿಡಿಯಬೇಕು. ಸ್ಲೈಡಿಗೋ ವಾಲ್ವಿನ ಕಂಬಿಗೋ ಕಟ್ಟಿದರೆ ವಾರದೊಳಗೆ ಬೆಸುಗೆಯವರ ಬಳಿ ಹೋಗಬೇಕಾಗುತ್ತದೆ.

ಬೆರಳುನೋವಿಗೆ ನಮ್ಮಲ್ಲಿ ಒಂದು ವಿಶೇಷ ಕಾರಣವಿದೆ: ವಾಲ್ವಿಗೆ ತೆಂಗಿನೆಣ್ಣೆ ಹಾಕುವುದು. ಮನೆಯಲ್ಲೇ ಇರುವ ಎಣ್ಣೆ, ಮೊದಲ ದಿನ ನಯವಾಗಿಯೂ ಓಡುತ್ತದೆ. ಆದರೆ ತೆಂಗಿನೆಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ಡಿಸೆಂಬರ್, ಜನವರಿಯ ಬೆಳಗ್ಗೆ ಬಾಟಲಿಯಲ್ಲಿ ಹೇಗೆ ಬೆಳ್ಳಗಾಗಿರುತ್ತದೋ ವಾಲ್ವಿನೊಳಗೂ ಹಾಗೆಯೇ. ಕರಗಿದ ಮೇಲೂ ದಿನಕಳೆದಂತೆ ಅಂಟಾಗಿ ಧೂಳು ಹಿಡಿಯುತ್ತದೆ. ವಾಲ್ವ್ ಮೇಲೇಳಲು ತಡವಾದಾಗ ಬೆರಳು ಜೋರಾಗಿ ಕುಟ್ಟಲು ಶುರುಮಾಡುತ್ತದೆ, ಮುಂಗೈಯ ಸ್ನಾಯು ಬಿಗಿಯುತ್ತದೆ, ಎರಡು ತಿಂಗಳಲ್ಲಿ ಮಣಿಕಟ್ಟಿಗೆ ನೋವು ಇಳಿಯುತ್ತದೆ. ಹಾಕಿಯಾಗಿದ್ದರೆ ವಾಲ್ವ್ ತೆಗೆದು ಉಗುರುಬೆಚ್ಚಗಿನ ಸೋಪುನೀರಿನಲ್ಲಿ ಮೆತ್ತಗಿನ ಬಟ್ಟೆಯಿಂದ ತೊಳೆದು, ಒರಸಿ, ತೆಳುವಾದ ವಾಲ್ವ್ ಎಣ್ಣೆ ನಾಲ್ಕೈದು ಹನಿ ಬಿಡಿ. ವಾಲ್ವಿನ ಮೇಲೆ 1, 2, 3 ಎಂದು ಕೊರೆದಿರುವ ಸಂಖ್ಯೆ ನೋಡಿ ಅದರದರ ಮನೆಗೇ ಹಾಕಿ. ಅದಲುಬದಲಾದರೆ ಗಾಳಿಯೇ ಹಾಯುವುದಿಲ್ಲ.

ಟ್ರಾಂಬೋನಿನ ಮಾತು ಚಿಕ್ಕದು. ಎಡಗೈ ಮಣಿಕಟ್ಟು ನೇರವಿರಲಿ. ತೋರುಬೆರಳು ಮೌತ್‌ಪೀಸಿನ ಕಡೆಗೆ ಚಾಚಿ, ಉಳಿದ ಮೂರು ಬೆರಳು ಅಡ್ಡಪಟ್ಟಿಯನ್ನು ಹಿಡಿಯಲಿ. ಮುಂಭಾರ ಹೆಚ್ಚಿದ್ದರೆ ಹಿಂದಿನ ಶ್ರುತಿ ಸ್ಲೈಡಿನ ಬಳಿ ಪ್ರತಿಭಾರ ಹಾಕಿಸಬಹುದು. ಹೆಬ್ಬೆರಳ ಬುಡ ನೋಯುವವರಿಗೆ ಅಂಗೈಗೆ ಆನಿಸುವ ಹಿಡಿಗಳು ಸಿಗುತ್ತವೆ, ಉಪಯೋಗಕ್ಕೆ ಬರುತ್ತವೆ. ಸ್ಲೈಡನ್ನು ಅತಿ ದೂರಕ್ಕೆ ಚಾಚುವ ಏಳನೆಯ ಸ್ಥಾನಕ್ಕೆ ಕೈ ಎಟುಕದ ಮಕ್ಕಳು ಹೆಗಲನ್ನೇ ಮುಂದಕ್ಕೆ ಎಸೆಯುತ್ತಾರೆ. ಎಫ್ ಟ್ರಿಗರ್ (ಎಡ ಹೆಬ್ಬೆರಳಿನಿಂದ ಒತ್ತಿ ಕೊಳವೆಯನ್ನು ಉದ್ದವಾಗಿಸುವ ವಾಲ್ವ್) ಇರುವ ವಾದ್ಯ ಕೊಟ್ಟರೆ ಆರು, ಏಳನೆಯ ಸ್ಥಾನದ ಹಲವು ಸ್ವರಗಳು ಒಂದು, ಎರಡರಲ್ಲೇ ಸಿಗುತ್ತವೆ. ಕೊಂಬು ಎತ್ತಿ ಹಿಡಿಯುವವರಿಗೂ ಒಂದು ಮಾತು: ಊದದಿರುವಾಗ ಕೆಳಗಿಳಿಸಿ, ಎತ್ತಿದಾಗ ಮೊಣಕೈ ಪೂರ್ತಿ ಚಾಚಬೇಡಿ.

ಶಾಲಾ ಬ್ಯಾಂಡ್ ನಡೆಸುವವರು ಇದನ್ನು ಗಮನಿಸಬೇಕು. ಶಾಲಾಚೀಲ ಮಗುವಿನ ತೂಕದ ಹತ್ತನೇ ಒಂದು ಭಾಗ ಮೀರಬಾರದೆಂದು ಕೇಂದ್ರದ 2020ರ ಶಾಲಾಚೀಲ ನೀತಿ ಹೇಳುತ್ತದೆ. 42 ಕಿಲೋದ ಹುಡುಗನ ಹೆಗಲಿಗೆ 14 ಕಿಲೋದ ಹಿತ್ತಾಳೆ ಸೂಸಫೋನ್ ಎಂದರೆ ಮೂರನೇ ಒಂದು ಭಾಗ, ಅದೂ ಒಂದೇ ಬದಿಗೆ. ಬೆಳೆಯುವ ಮಕ್ಕಳಿಗೆ ಕೂತು ಊದುವ ಟ್ಯೂಬಾ ಅಥವಾ ಯುಫೋನಿಯಂ ಸಾಕು. ಮೆರವಣಿಗೆಗೆ ಬೇಕೇ ಬೇಕೆಂದರೆ ದೊಡ್ಡ ಮಕ್ಕಳಿಗೆ ಫೈಬರ್‌ಗ್ಲಾಸಿನದನ್ನು ಕೊಡಿ. ಅದು ನಾಲ್ಕೈದು ಕಿಲೋ ಹಗುರ. ನಾದದಲ್ಲಿ ಹಿತ್ತಾಳೆಯ ಹೊಳಪು ಇರುವುದಿಲ್ಲ ನಿಜ, ಆದರೆ ಮಗುವಿನ ಬೆನ್ನು ಅದಕ್ಕಿಂತ ದೊಡ್ಡದು.

ಮೆರವಣಿಗೆಯ ಮರುದಿನ ಹೆಗಲು ನೋಯುವುದು ಸಹಜ, ಎರಡು ದಿನದಲ್ಲಿ ಇಳಿಯುತ್ತದೆ. ತುಟಿಯ ಬಳೆಗುರುತು ಸ್ವಲ್ಪ ಹೊತ್ತಿನಲ್ಲಿ ಮಾಯಬೇಕು. ಮರುದಿನವೂ ಉಳಿದರೆ ಮೇಲೆ ಹೇಳಿದ ಕೈಬಿಡುವ ಪರೀಕ್ಷೆಯನ್ನು ಮತ್ತೆ ಮಾಡಿ. ಬೆರಳಿನ ಜೋಮು ರಾತ್ರಿಯೂ ಬಿಡದಿದ್ದರೆ, ಲೋಟ ಹಿಡಿದ ಕೈಯಲ್ಲಿ ಬಲ ಕುಂದಿದಂತೆ ಅನಿಸಿದರೆ, ನೋವು ಕುತ್ತಿಗೆಯಿಂದ ತೋಳಿಗೆ ಎಳೆದರೆ ಎಣ್ಣೆ ತಿಕ್ಕುತ್ತ ಕೂರಬೇಡಿ. ವಾದ್ಯ ಕೆಳಗಿಟ್ಟು ಮೂಳೆ ಅಥವಾ ನರದ ವೈದ್ಯರನ್ನು ಕಾಣಿರಿ. ಹೋಗುವಾಗ ನೀವು ವಾದ್ಯ ಹೊತ್ತು ನಿಂತ ಎರಡು ಫೋಟೋ, ಎದುರಿನಿಂದ ಒಂದು, ಪಕ್ಕದಿಂದ ಒಂದು, ಮೊಬೈಲಿನಲ್ಲಿರಲಿ. ಸೂಸಫೋನ್ ಹೇಗೆ ಕೂರುತ್ತದೆಂದು ಬಾಯಿಮಾತಿನಲ್ಲಿ ವಿವರಿಸುವುದು ಕಷ್ಟ.